ಹೊಸ ಮೀಟರ್, ಹಳೆಯ ನ್ಯೂಟ್ರಲ್: ಹಿಸ್ಸೆಯಾದ ಮನೆಗಳ ಬಿಲ್ ಏರುವುದೇಕೆ?

ಬಳ್ಳಾರಿಯ ಕೌಲ್ ಬಜಾರ್ ಇರಲಿ, ರಾಯಚೂರಿನ ಕೋಟೆಯೊಳಗಿನ ಓಣಿಗಳಿರಲಿ, ಗಂಗಾವತಿಯ ಹಳೆಯ ಬಡಾವಣೆಗಳಿರಲಿ, ವಿದ್ಯುತ್ ಮೀಟರ್ ಬದಲಾದ ಮರುತಿಂಗಳು ಏಳುವ ದೂರು ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಒಂದು ಬಲ್ಬೂ ಹೆಚ್ಚಾಗಿಲ್ಲ, ಬಿಲ್ ಮಾತ್ರ ಏರಿದೆ. ಹೊಸ ಮೀಟರ್ ಜಾಸ್ತಿ ಓಡುತ್ತಿದೆ ಎಂದು ಮನೆಯವರು ಹೇಳುತ್ತಾರೆ. ಹಳೆಯದು ನಿಧಾನವಾಗಿತ್ತು, ಇದು ಸರಿಯಾಗಿ ಅಳೆಯುತ್ತಿದೆ ಎಂದು ಸಿಬ್ಬಂದಿ ಹೇಳುತ್ತಾರೆ. ತಿರುಗುವ ಬಿಲ್ಲೆಯ ಹಳೆಯ ಮೀಟರುಗಳು ಸವೆದು, ಧೂಳು ತುಂಬಿ ನಿಧಾನವಾಗುವುದುಂಟು. ಹಾಗಾಗಿ ಸಿಬ್ಬಂದಿಯ ಮಾತು ಎಷ್ಟೋ ಮನೆಗಳ ಮಟ್ಟಿಗೆ ನಿಜ. ಆದರೆ ಒಂದೇ ಕಂಬದಿಂದ, ಒಂದೇ ಗೋಡೆಯ ಮೇಲಿನ ಬೋರ್ಡಿನಿಂದ ಎರಡು ಮೂರು ಸಂಸಾರಗಳಿಗೆ ವಿದ್ಯುತ್ ಹಂಚಿಕೆಯಾಗಿರುವ ಮನೆಗಳಲ್ಲಿ ಮೂರನೆಯದೊಂದು ಕಾರಣವಿದೆ. ಅಲ್ಲಿ ಮೀಟರ್ ಕೆಟ್ಟಿರುವುದಿಲ್ಲ, ಮನೆಯವರು ಸುಳ್ಳು ಹೇಳುತ್ತಿರುವುದೂ ಇಲ್ಲ. ಮೀಟರಿನಾಚೆ ಗೋಡೆಯೊಳಗೆ ಎರಡು ಮನೆಗಳ ನ್ಯೂಟ್ರಲ್ ತಂತಿಗಳು, ಅಂದರೆ ವಿದ್ಯುತ್ತು ಮರಳುವ ತಂತಿಗಳು, ಒಂದಾಗಿರುತ್ತವೆ. ಇದನ್ನು ಹುಡುಕದೆ ಎಷ್ಟು ಸಲ ಮೀಟರ್ ಬದಲಾಯಿಸಿದರೂ ಬಿಲ್ ಇಳಿಯುವುದಿಲ್ಲ.

ನಮ್ಮ ಭಾಗದಲ್ಲಿ ಇದು ಏಕೆ ಸಾಮಾನ್ಯ ಎಂಬುದಕ್ಕೆ ಮನೆಗಳ ಚರಿತ್ರೆಯೇ ಉತ್ತರ. ಅಜ್ಜನ ಕಾಲದ ಮನೆಗೆ ಒಂದು ಸಂಪರ್ಕವಿತ್ತು. ಮಕ್ಕಳ ಕಾಲಕ್ಕೆ ಹಿಸ್ಸೆಯಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು, ಅಣ್ಣನಿಗೆ ಮುಂಭಾಗ, ತಮ್ಮನಿಗೆ ಹಿತ್ತಲ ಭಾಗ ಬಂತು, ಕೆಲವು ವರ್ಷಗಳ ಬಳಿಕ ಮೇಲೊಂದು ಅಂತಸ್ತು ಎದ್ದು ಬಾಡಿಗೆಗೆ ಹೋಯಿತು. ಎರಡನೆಯ ಮೀಟರ್ ಬಂತು, ಎರಡನೆಯ ಆರ್‌.ಆರ್‌. ನಂಬರ್ ಬಂತು, ಆದರೆ ಗೋಡೆಯೊಳಗಿನ ವೈರಿಂಗ್ ಹಳೆಯದೇ ಉಳಿಯಿತು. ವೈರ್‌ಮನ್ ಬಂದು ವಿದ್ಯುತ್ತು ತರುವ ಫೇಸ್ ತಂತಿಯನ್ನು ಕತ್ತರಿಸಿ ಎರಡು ಭಾಗ ಮಾಡಿದ. ನ್ಯೂಟ್ರಲ್ ಮುಟ್ಟಿದರೆ ಶಾಕ್ ಹೊಡೆಯದು, ಅದು ಎಲ್ಲರಿಗೂ ಒಂದೇ ಇದ್ದರೂ ದೀಪ ಉರಿಯುತ್ತದೆ ಎಂದು ಅದನ್ನು ಹಾಗೆಯೇ ಬಿಟ್ಟ. ಹಳೆಯ ಮೀಟರ್ ಇದ್ದಷ್ಟು ದಿನ ಈ ಕೆಲಸದ ಕೊರತೆ ಯಾರಿಗೂ ಕಾಣಲಿಲ್ಲ.

ಏಕೆ ಕಾಣಲಿಲ್ಲ ಎಂಬುದೇ ಈ ಸಮಸ್ಯೆಯ ಕೀಲಿ.

ಮನೆಗೆ ಬರುವ ವಿದ್ಯುತ್ತು ಫೇಸ್ ತಂತಿಯಲ್ಲಿ ಬಂದು, ಫ್ಯಾನು ಫ್ರಿಜ್ಜುಗಳ ಮೂಲಕ ಹಾದು, ನ್ಯೂಟ್ರಲ್ ತಂತಿಯಲ್ಲಿ ಮರಳುತ್ತದೆ. ಎರಡು ತಂತಿಗಳಲ್ಲೂ ಹರಿಯುವ ಪ್ರಮಾಣ ಒಂದೇ ಇರಬೇಕು. ಬಿಲ್ಲೆಯ ಮೀಟರ್ ಫೇಸ್ ತಂತಿಯಲ್ಲಿ ಹರಿದದ್ದನ್ನಷ್ಟೇ ಅಳೆಯುತ್ತಿತ್ತು. ನ್ಯೂಟ್ರಲ್‌ನಲ್ಲಿ ಎಷ್ಟು ಮರಳಿತು, ಯಾವ ದಾರಿಯಲ್ಲಿ ಮರಳಿತು ಎಂಬುದು ಅದಕ್ಕೆ ಬೇಕಿರಲಿಲ್ಲ. ಈ ಕುರುಡುತನವನ್ನು ಬಳಸಿಕೊಂಡು ವಿದ್ಯುತ್ ಕಳವು ನಡೆಯತೊಡಗಿದಾಗ ಮೀಟರ್ ತಯಾರಕರು ಹೊಸ ದಾರಿ ಹಿಡಿದರು. ಭಾರತದಲ್ಲಿ ಮನೆಗಳಿಗೆ ಅಳವಡಿಸುವ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಸಾಮಾನ್ಯವಾಗಿ ಎರಡು ಸಂವೇದಕಗಳಿರುತ್ತವೆ, ಒಂದು ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ. ಎರಡರ ನಡುವೆ ನಿಗದಿತ ಮಿತಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೀಟರ್ ಎರಡು ಕೆಲಸ ಮಾಡುತ್ತದೆ. ಮುಂಭಾಗದಲ್ಲಿ ಅರ್ತ್ ಸೂಚಕ ದೀಪವನ್ನು ಹೊತ್ತಿಸುತ್ತದೆ. ಮತ್ತು ಎರಡು ತಂತಿಗಳಲ್ಲಿ ಯಾವುದರಲ್ಲಿ ಹೆಚ್ಚು ಹರಿಯುತ್ತಿದೆಯೋ ಅದರ ಲೆಕ್ಕದಲ್ಲೇ ಯೂನಿಟ್ ಏರಿಸುತ್ತದೆ.

ಕಳ್ಳತನ ತಡೆಯಲು ಈ ಉಪಾಯ ಸರಿಯಾದದ್ದೇ. ಆದರೆ ಎರಡು ಮನೆಗಳ ನ್ಯೂಟ್ರಲ್ ಒಳಗೆ ಕೂಡಿಕೊಂಡಿದ್ದರೆ ಇದೇ ಉಪಾಯ ನಿರಪರಾಧಿಯ ಬಿಲ್ಲಿಗೆ ಬೀಳುತ್ತದೆ. ಕಾಲುವೆಯ ನೀರು ಎದುರಿಗೆ ಎರಡು ತೂಬು ತೆರೆದಿದ್ದರೆ ಎರಡರಲ್ಲೂ ಹಂಚಿ ಹರಿಯುವಂತೆ, ಮರಳುವ ವಿದ್ಯುತ್ತೂ ಎದುರಿಗಿರುವ ಎರಡು ನ್ಯೂಟ್ರಲ್‌ಗಳಲ್ಲಿ ಹಂಚಿಹೋಗುತ್ತದೆ. ಅದು ಯಾರ ಮನೆಯಲ್ಲಿ ಖರ್ಚಾಯಿತು ಎಂಬುದು ತಂತಿಗೆ ತಿಳಿಯದು.

ಅಂಕಿಯಲ್ಲಿ ನೋಡಿದರೆ ಹಾನಿ ಸ್ಪಷ್ಟವಾಗುತ್ತದೆ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಕೆಳಗೆ ಅಣ್ಣನ ಮನೆ, ಮೇಲೆ ತಮ್ಮನ ಮನೆ, ಇಬ್ಬರಿಗೂ ಪ್ರತ್ಯೇಕ ಮೀಟರ್, ಒಳಗೆ ನ್ಯೂಟ್ರಲ್ ಒಂದೇ. ಏಪ್ರಿಲ್ ತಿಂಗಳ ಸೆಕೆಗೆ ಅಣ್ಣ ರಾತ್ರಿ ಏಸಿ ಹಾಕುತ್ತಾನೆ. ಅದು 5 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ, ಅಂದರೆ 230 ವೋಲ್ಟ್‌ನಲ್ಲಿ 1150 ವಾಟ್. ಆ ಹೊತ್ತಿಗೆ ತಮ್ಮನ ಮನೆಯಲ್ಲಿ ಎಲ್ಲವೂ ಆರಿದೆ. ಕಂಬದಿಂದ ಮೀಟರಿಗೆ ಬರುವ ಎರಡು ಸರ್ವಿಸ್ ವೈರುಗಳೂ ಹೆಚ್ಚುಕಡಿಮೆ ಒಂದೇ ಉದ್ದದವಾದ್ದರಿಂದ ಮರಳುವ 5 ಆಂಪಿಯರ್ ಎರಡೂವರೆ ಎರಡೂವರೆಯಾಗಿ ಒಡೆಯುತ್ತದೆ. ಅಣ್ಣನ ಮೀಟರ್ ಫೇಸ್‌ನಲ್ಲಿ 5, ನ್ಯೂಟ್ರಲ್‌ನಲ್ಲಿ 2.5 ಕಂಡು ಹೆಚ್ಚಿನದಾದ 5ನ್ನು ಲೆಕ್ಕ ಹಿಡಿಯುತ್ತದೆ. ಅದು ಸರಿ. ತಮ್ಮನ ಮೀಟರ್ ಫೇಸ್‌ನಲ್ಲಿ ಸೊನ್ನೆ, ನ್ಯೂಟ್ರಲ್‌ನಲ್ಲಿ 2.5 ಕಂಡು ಎರಡೂವರೆ ಆಂಪಿಯರಿಗೆ ಯೂನಿಟ್ ಏರಿಸುತ್ತದೆ. ಆತ ಮಲಗಿದ್ದಾನೆ, ಅವನ ಮೀಟರ್ ಓಡುತ್ತಿದೆ. ಏಸಿ ದಿನಕ್ಕೆ ಆರು ಗಂಟೆ ಸತತ ಓಡಿತು ಎಂದು ಹಿಡಿದರೆ ಮೂವತ್ತು ದಿನಕ್ಕೆ ಅಣ್ಣನ ಲೆಕ್ಕ 207 ಯೂನಿಟ್. ತಮ್ಮನ ಲೆಕ್ಕಕ್ಕೆ ಬಿದ್ದದ್ದು 103.5 ಯೂನಿಟ್. ಖರ್ಚಾದದ್ದು 207, ಬಿಲ್ಲಾದದ್ದು 310ಕ್ಕೂ ಹೆಚ್ಚು. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ ತಮ್ಮನಿಗೆ ತಿಂಗಳಿಗೆ 620 ರೂಪಾಯಿಯಷ್ಟು ಹೊರೆ.

ಇಬ್ಬರೂ ಒಟ್ಟಿಗೆ ಬಳಸುವಾಗಲೂ ಕಥೆ ಬೇರೆಯಾಗದು. ಅಣ್ಣ 5 ಆಂಪಿಯರ್, ತಮ್ಮ 1 ಆಂಪಿಯರ್ ಬಳಸುತ್ತಿದ್ದಾರೆ ಎಂದಾದರೆ ಮರಳುವುದು ಒಟ್ಟು 6, ಪ್ರತಿ ನ್ಯೂಟ್ರಲ್‌ಗೆ 3. ಅಣ್ಣನ ಮೀಟರ್ 5ಕ್ಕೇ ಓಡುತ್ತದೆ. ತಮ್ಮನದು 1ರ ಬದಲು 3ಕ್ಕೆ ಓಡುತ್ತದೆ, ಅಂದರೆ ಮೂರು ಪಟ್ಟು. ಇಬ್ಬರೂ ಸಮಸಮ ಬಳಸಿದರೆ ಮಾತ್ರ ಯಾರಿಗೂ ನಷ್ಟವಿಲ್ಲ. ಇಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ: ಈ ದೋಷ ಕಡಿಮೆ ಬಳಸುವವರಿಂದಲೇ ಹೆಚ್ಚು ವಸೂಲು ಮಾಡುತ್ತದೆ. ಹಿತ್ತಲ ಕೋಣೆಯಲ್ಲಿ ಒಂದು ಫ್ಯಾನು, ಒಂದು ಬಲ್ಬಿನಲ್ಲಿ ದಿನ ಕಳೆಯುವ ಮುದುಕಿಯ ಮೀಟರಿಗೆ ಮುಂಭಾಗದ ಏಸಿಯ ಪಾಲು ಬೀಳುತ್ತದೆ. ಹೆಚ್ಚು ಬಳಸುವವರಿಗೆ ಏನೂ ಅನ್ನಿಸದ ಕಾರಣ ಅವರು ದೂರುವುದೂ ಇಲ್ಲ, ಪಕ್ಕದವರ ದೂರನ್ನು ನಂಬುವುದೂ ಇಲ್ಲ. ಅಣ್ಣತಮ್ಮಂದಿರ ನಡುವೆ ಮೊದಲೇ ಮಾತು ಕಡಿಮೆಯಾಗಿದ್ದರೆ, "ನಮ್ಮ ಲೈನಿನಿಂದ ಕದಿಯುತ್ತಿದ್ದಾರೆ" ಎಂಬ ಆರೋಪಕ್ಕೆ ಇಷ್ಟು ಸಾಕು. ವಾಸ್ತವದಲ್ಲಿ ಯಾರೂ ಯಾರದ್ದನ್ನೂ ಕದ್ದಿರುವುದಿಲ್ಲ.

ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ತಪ್ಪು ಲೆಕ್ಕದ ಪೆಟ್ಟು ಇನ್ನಷ್ಟು ಜೋರಾಗಿದೆ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪ್ರತಿ ಮನೆಯ ಉಚಿತ ಪ್ರಮಾಣವನ್ನು 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ನಿಗದಿ ಮಾಡಲಾಯಿತು, ಗರಿಷ್ಠ ಮಿತಿ 200 ಯೂನಿಟ್. ತನ್ನ ಪಾಲಿಗಿಂತ ಹೆಚ್ಚು ಬಳಸಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಳೆಯ ಬಿಲ್ಲೆಯ ಮೀಟರ್ ಇದ್ದ ಕಾಲದಲ್ಲಿ ತಿಂಗಳಿಗೆ 60 ಯೂನಿಟ್ ತೋರಿಸುತ್ತಿದ್ದ ಮನೆಗೆ ಸಿಕ್ಕ ಪಾಲು 66 ಯೂನಿಟ್. ಮೀಟರ್ ಬದಲಾದ ಮೇಲೆ ಅದೇ ಮನೆ 160 ತೋರಿಸಿದರೆ ಸೊನ್ನೆ ಬಿಲ್ ನೋಡಿ ಅಭ್ಯಾಸವಾದವರ ಕೈಗೆ ನೂರಾರು ರೂಪಾಯಿಯ ಬಿಲ್ ಬರುತ್ತದೆ. ಸಿಟ್ಟು ಮೀಟರಿನ ಮೇಲೆ ತಿರುಗುವುದು ಸಹಜ. ಒಬ್ಬರ ಹೆಸರಿನಲ್ಲಿ ಹಲವು ಮೀಟರುಗಳಿದ್ದರೆ ಒಂದಕ್ಕೆ ಮಾತ್ರ ಸೌಲಭ್ಯ ಎಂಬ ನಿಯಮವೂ ಇದೆ. ಆದ್ದರಿಂದ ತಂದೆಯ ಹೆಸರಿನಲ್ಲೇ ಉಳಿದ ಎರಡು ಮೂರು ಮೀಟರುಗಳನ್ನು ಆಯಾ ಮನೆಯವರ ಹೆಸರಿಗೆ ಬದಲಾಯಿಸಿಕೊಳ್ಳುವುದು ಈ ಇಡೀ ಕೆಲಸದ ಜೊತೆಗೇ ಆಗಬೇಕಾದದ್ದು.

ಹಂಚಿಕೆ ಎಲ್ಲೆಲ್ಲಿ ಅಡಗಿರುತ್ತದೆ

ಮೆಟ್ಟಿಲ ದೀಪವನ್ನು ಮೊದಲು ನೋಡಿ. ಕೆಳಗೊಂದು, ಮೇಲೊಂದು ಸ್ವಿಚ್ ಇರುವ ಆ ಬಲ್ಬಿಗೆ ಕೆಳಮನೆಯಿಂದ ಫೇಸ್, ಮೇಲ್ಮನೆಯಿಂದ ನ್ಯೂಟ್ರಲ್ ಕೊಟ್ಟಿರುವುದು ಬಹಳ ಸಾಮಾನ್ಯ. ತಂತಿ ಉಳಿಸುವ ದಾರಿ ಅದು. ಹೀಗಿದ್ದಾಗ ಬಲ್ಬಿನ ವಿದ್ಯುತ್ತು ಎರಡೂ ಮೀಟರುಗಳಲ್ಲಿ ಪೂರ್ತಿಯಾಗಿ ದಾಖಲಾಗಬಹುದು. ಬಲ್ಬು ಚಿಕ್ಕದು, ನಷ್ಟವೂ ಚಿಕ್ಕದು. ಆದರೆ ಎರಡು ಮನೆಗಳ ನ್ಯೂಟ್ರಲ್ ಅದೇ ಜಾಗದಲ್ಲಿ ಪೂರ್ತಿ ಕೂಡಿಬಿಟ್ಟಿರುವ ಸಾಧ್ಯತೆ ಹೆಚ್ಚು.

ಎರಡನೆಯದು ನೀರಿನ ಮೋಟರ್. ನಲ್ಲಿಯ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಮೋಟರಿಗೆ ಎರಡೂ ಮನೆಯಿಂದ ಚೇಂಜ್‌ಓವರ್ ಸ್ವಿಚ್ ಹಾಕಿರುತ್ತಾರೆ, ಒಂದು ತಿಂಗಳು ಇವರು, ಇನ್ನೊಂದು ತಿಂಗಳು ಅವರು ಎಂದು. ಫೇಸ್ ಮಾತ್ರ ಬದಲಾಗುವ ಸ್ವಿಚ್ ಆಗಿದ್ದರೆ ನ್ಯೂಟ್ರಲ್ ಖಾಯಂ ಆಗಿ ಕೂಡಿರುತ್ತದೆ. ಮೂರನೆಯದು ಇನ್ವರ್ಟರ್. ಒಂದೇ ಇನ್ವರ್ಟರಿನಿಂದ ಎರಡು ಮನೆಗೆ ದೀಪ ಕೊಟ್ಟಿದ್ದರೆ ಅದರ ನ್ಯೂಟ್ರಲ್ ಎರಡು ಬೋರ್ಡುಗಳನ್ನೂ ಬೆಸೆಯುತ್ತದೆ. ಬಳ್ಳಾರಿಯಲ್ಲಿ ಮನೆಯ ಒಂದು ಕೋಣೆಯಲ್ಲೇ ಜೀನ್ಸ್ ಹೊಲಿಗೆಯ ಯಂತ್ರಗಳಿರುವ ಕಡೆ ಇನ್ನೊಂದು ತೊಡಕು ಸೇರುತ್ತದೆ. ಯಂತ್ರಗಳಿಗೆ ಪ್ರತ್ಯೇಕ ಮೀಟರ್ ಪಡೆದಿದ್ದರೂ ಆ ಕೋಣೆಯ ದೀಪ, ಫ್ಯಾನುಗಳು ಮನೆಯ ಲೈನಿನಲ್ಲೇ ಉಳಿದಿರುತ್ತವೆ.

ಮೀಟರಿನ ಮುಂಚಿನ ಹಂಚಿಕೆ ಬೇರೆಯೇ ಬಗೆಯದು. ಕಂಬದಿಂದ ಬಂದ ಒಂದೇ ಸರ್ವಿಸ್ ವೈರು ಮೊದಲ ಮನೆಯ ಫ್ಯೂಸ್ ಇರುವ ಕಟೌಟ್‌ಗೆ ಬಂದು, ಅಲ್ಲಿಂದ ತುಂಡು ತಂತಿಯಲ್ಲಿ ಎರಡನೆಯ ಮನೆಯ ಮೀಟರಿಗೆ ಹೋಗಿರುತ್ತದೆ. ಇಲ್ಲಿ ಯೂನಿಟ್ ಲೆಕ್ಕ ತಪ್ಪುವುದಿಲ್ಲ. ಆದರೆ ಎರಡನೆಯ ಮನೆಯ ಮೀಟರ್ ಬದಲಾಯಿಸಬೇಕೆಂದರೆ ಮೊದಲ ಮನೆಯ ವಿದ್ಯುತ್ ನಿಲ್ಲಿಸಬೇಕು. ಅವರು ಬಾಗಿಲು ಹಾಕಿಕೊಂಡು ಊರಿಗೆ ಹೋಗಿದ್ದರೆ ಕೆಲಸ ನಿಲ್ಲುತ್ತದೆ. ಬಂದ ಸಿಬ್ಬಂದಿ ಮರಳಿ ಹೋಗುತ್ತಾರೆ, ಕೆಟ್ಟ ಮೀಟರಿಗೆ ಸರಾಸರಿ ಬಿಲ್ ಮುಂದುವರಿಯುತ್ತದೆ. ಒಂದು ಮನೆಯ ಭಾರಕ್ಕೆಂದು ಎಳೆದ ತಂತಿಯ ಮೇಲೆ ಎರಡು ಮನೆಗಳ ಭಾರ ಬಿದ್ದು, ಬೇಸಿಗೆಯಲ್ಲಿ ಕೂಲರುಗಳೆಲ್ಲ ಒಟ್ಟಿಗೆ ಓಡುವ ರಾತ್ರಿಗಳಲ್ಲಿ ಆ ಜೋಡಣೆ ಕಾದು ಕಪ್ಪಾಗುತ್ತದೆ. ಇದಕ್ಕೆ ಪರಿಹಾರ ಒಂದೇ, ಕಂಬದಿಂದ ಪ್ರತಿ ಮೀಟರಿಗೆ ಪ್ರತ್ಯೇಕ ಸರ್ವಿಸ್ ವೈರು. ಮೀಟರಿನವರೆಗಿನ ಈ ಕೆಲಸ ವಿದ್ಯುತ್ ಕಂಪನಿಯ ಅನುಮತಿ ಮತ್ತು ಉಸ್ತುವಾರಿಯಲ್ಲೇ ಆಗಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ ವ್ಯಾಪ್ತಿಗೆ ಬರುತ್ತವೆ.

ಬಿಲ್ಲಿಗಿಂತ ದೊಡ್ಡ ಅಪಾಯವೊಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾಗದು. ಮೂರು ಅಂತಸ್ತಿನ ಕಟ್ಟಡಕ್ಕೆ ಮೂರು ಫೇಸ್ ಬಂದು, ಅಂತಸ್ತಿಗೊಂದು ಫೇಸ್ ಹಂಚಿ, ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ ಕೊಟ್ಟಿರುವ ವ್ಯವಸ್ಥೆ ಪಟ್ಟಣಗಳಲ್ಲಿ ಎಲ್ಲೆಡೆ ಇದೆ. ಅಂಥ ಕಡೆ ಮೀಟರ್ ಬದಲಾಯಿಸುವಾಗ ಆ ಸಾಮಾನ್ಯ ನ್ಯೂಟ್ರಲ್ ಕಳಚಿದರೆ, ಅಥವಾ ಸ್ಕ್ರೂ ಸರಿಯಾಗಿ ಬಿಗಿಯದೆ ಕೆಲವು ದಿನಗಳಲ್ಲಿ ಸಡಿಲವಾದರೆ, ಎರಡು ಫೇಸ್‌ಗಳ ನಡುವಿನ 400 ವೋಲ್ಟ್ ಮನೆಗಳ ಮೇಲೆ ಬೀಳುತ್ತದೆ. ಅದು ಸಮನಾಗಿ ಹಂಚಿಹೋಗದು. ಮೇಲಿನ ಉದಾಹರಣೆಯದೇ ಲೆಕ್ಕದಲ್ಲಿ, 5 ಆಂಪಿಯರಿನ ಭಾರವಿದ್ದ ಮನೆಗೆ ಸುಮಾರು 67 ವೋಲ್ಟ್, 1 ಆಂಪಿಯರಿನ ಭಾರವಿದ್ದ ಮನೆಗೆ ಸುಮಾರು 333 ವೋಲ್ಟ್ ಬರುತ್ತದೆ. ಇಲ್ಲೂ ಕಡಿಮೆ ಬಳಸುತ್ತಿದ್ದವರ ಟಿವಿ, ಫ್ರಿಜ್ಜು, ಮೊಬೈಲ್ ಚಾರ್ಜರುಗಳೇ ಸುಟ್ಟುಹೋಗುವುದು. ದೀಪ ಒಮ್ಮೆಲೇ ಅತಿಯಾಗಿ ಪ್ರಕಾಶಿಸಿದರೆ, ಅಥವಾ ಒಂದು ಮನೆಯಲ್ಲಿ ಮಂಕಾಗಿ ಇನ್ನೊಂದರಲ್ಲಿ ಝಗ್ಗನೆ ಉರಿದರೆ, ತಕ್ಷಣ ಮೇನ್ ಸ್ವಿಚ್ ಇಳಿಸಿ 1912ಕ್ಕೆ ಕರೆ ಮಾಡಬೇಕು. ಕೂಡಿದ ನ್ಯೂಟ್ರಲ್ ವೈರ್‌ಮನ್‌ಗಳ ಜೀವಕ್ಕೂ ಕುತ್ತು. ಒಂದು ಮನೆಯ ಬೋರ್ಡಿನಲ್ಲಿರುವ ಎಂಸಿಬಿ ಸ್ವಿಚ್ಚುಗಳನ್ನೆಲ್ಲ ಇಳಿಸಿ, ವಿದ್ಯುತ್ ಇಲ್ಲವೆಂದು ನಂಬಿ ನ್ಯೂಟ್ರಲ್ ಬಿಚ್ಚಿದವನ ಕೈಯಲ್ಲಿ ಪಕ್ಕದ ಮನೆಯ ವಿದ್ಯುತ್ತು ಹರಿಯುತ್ತಿರುತ್ತದೆ.

ಪತ್ತೆ ಹಚ್ಚುವ ದಾರಿ

ಮನೆಯವರೇ ಮಾಡಬಹುದಾದ ಪರೀಕ್ಷೆ ಸರಳ. ಯಾವ ತಂತಿಯನ್ನೂ ಮುಟ್ಟಬೇಕಾಗಿಲ್ಲ, ಮೀಟರಿನ ಸೀಲನ್ನಂತೂ ಮುಟ್ಟಲೇಬಾರದು. ಮನೆಯ ಎಲ್ಲ ಎಂಸಿಬಿಗಳನ್ನು ಇಳಿಸಿ, ಮೇನ್ ಸ್ವಿಚ್ ಮಾತ್ರ ಹಾಕಿರಲಿ. ಪಕ್ಕದ ಅಥವಾ ಮೇಲಿನ ಮನೆಯವರಿಗೆ ಕೂಲರ್, ಇಸ್ತ್ರಿಪೆಟ್ಟಿಗೆಯಂಥ ದೊಡ್ಡ ಭಾರ ಹಾಕಲು ಹೇಳಿ. ಈಗ ನಿಮ್ಮ ಮೀಟರಿನ ಮೇಲಿನ ಮಿನುಗುವ ಕೆಂಪು ದೀಪವನ್ನು ನೋಡಿ. ಪ್ರತಿ ಮಿನುಗೂ ಯೂನಿಟ್ಟಿನ ಒಂದು ಸಣ್ಣ ಅಂಶ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ನಿಮ್ಮ ಮನೆಯಲ್ಲಿ ಏನೂ ಉರಿಯದಿದ್ದರೂ ಅದು ಮಿನುಗುತ್ತಿದ್ದರೆ, ಜೊತೆಗೆ ಅರ್ತ್ ದೀಪವೂ ಹೊತ್ತಿದ್ದರೆ, ನ್ಯೂಟ್ರಲ್ ಕೂಡಿದೆ ಎಂದೇ ಬಹುಪಾಲು ತಿಳಿಯಬಹುದು. ಬಳಿಕ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ಚನ್ನೂ ಇಳಿಸಿ. ಆಗ ಮಿನುಗು ನಿಂತರೆ ಕೂಡುವಿಕೆ ಮೇನ್ ಸ್ವಿಚ್ಚಿನ ಒಳಗಡೆ, ಅಂದರೆ ನಿಮ್ಮ ವೈರಿಂಗಿನಲ್ಲೇ ಇದೆ. ನಿಲ್ಲದಿದ್ದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಏನೋ ಇದೆ, ಅದನ್ನು ಸಿಬ್ಬಂದಿಯೇ ನೋಡಬೇಕು.

ವೈರ್‌ಮನ್ ಬಳಿ ತಂತಿಯ ಸುತ್ತ ಹಿಡಿದು ವಿದ್ಯುತ್ ಹರಿವನ್ನು ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಖಚಿತ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಅದರ ಬಾಯಿಯೊಳಗೆ ಹಿಡಿದಾಗ ಸೊನ್ನೆ ತೋರಿಸಬೇಕು, ಹೋದಷ್ಟೂ ಮರಳುತ್ತಿದೆ ಎಂದು ಅದರ ಅರ್ಥ. ಸೊನ್ನೆ ಬರದಿದ್ದರೆ ಒಂದೋ ಬೇರೆ ಮನೆಯ ವಿದ್ಯುತ್ತು ಸೇರುತ್ತಿದೆ, ಇಲ್ಲವೇ ಇಲ್ಲಿಯದು ಎಲ್ಲಿಗೋ ಸೋರುತ್ತಿದೆ. ಹೊಸದಾಗಿ, ವಿದ್ಯುತ್ ಸೋರಿದರೆ ತಾನೇ ಕಡಿಯುವ ಸಾಧನವಾದ ಆರ್‌ಸಿಸಿಬಿ ಹಾಕಿಸಿದ ಮನೆಯಲ್ಲಿ ಅದು ಪದೇಪದೇ ಇಳಿಯುತ್ತಿದ್ದರೂ ಇದೇ ಅನುಮಾನ ಮಾಡಬೇಕು. 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಕಡಿಯುವ ಸಾಧನ ಎರಡೂವರೆ ಆಂಪಿಯರ್ ವ್ಯತ್ಯಾಸವನ್ನು ಸಹಿಸುವುದು ಹೇಗೆ? ಕಿರಿಕಿರಿ ಎಂದು ಅದನ್ನು ಕಿತ್ತುಹಾಕಿಸುವವರಿದ್ದಾರೆ. ಕೀಳಬೇಕಾದದ್ದು ನ್ಯೂಟ್ರಲ್‌ಗಳ ಗಂಟನ್ನು.

ದುರಸ್ತಿ ಎಂದರೆ ಪ್ರತಿ ಮೀಟರಿನಿಂದ ಹೊರಡುವ ಫೇಸ್ ಮತ್ತು ನ್ಯೂಟ್ರಲ್ ಜೊತೆಯಾಗಿಯೇ ಆಯಾ ಮನೆಯ ಬೋರ್ಡಿಗೆ ಹೋಗಿ, ಆಯಾ ಮನೆಯ ಪ್ರತ್ಯೇಕ ನ್ಯೂಟ್ರಲ್ ಪಟ್ಟಿಗೆ ಸೇರುವುದು. ಮೆಟ್ಟಿಲ ದೀಪ ಒಬ್ಬರ ಲೈನಿಗೇ ಪೂರ್ತಿಯಾಗಿ ಹೋಗಲಿ. ಮೋಟರಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ ಸ್ವಿಚ್ ಬರಲಿ, ಅಥವಾ ಒಬ್ಬರ ಮೀಟರಿಗೇ ಕೊಟ್ಟು ಲೆಕ್ಕಕ್ಕೆ ಸಣ್ಣ ಉಪಮೀಟರ್ ಹಾಕಿಕೊಂಡು ಹಣ ಹಂಚಿಕೊಳ್ಳಲಿ. ಹಳೆಯ ಮನೆಗಳಲ್ಲಿ ಪೈಪಿನೊಳಗೆ ಯಾವ ತಂತಿ ಯಾರದ್ದು ಎಂದು ಗುರುತಿಸಲು ಸಮಯ ಹಿಡಿಯುತ್ತದೆ. ಅದಕ್ಕಾಗಿ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸುವುದು ಲೇಸು. ಫೇಸ್ ನ್ಯೂಟ್ರಲ್ ಅದಲುಬದಲು ಮಾಡಿ, ಅಥವಾ ಅರ್ತ್ ತಂತಿಯನ್ನೇ ನ್ಯೂಟ್ರಲ್ ಮಾಡಿ ಮೀಟರಿನ ದೀಪ ಆರಿಸಿಕೊಡುತ್ತೇನೆ ಎನ್ನುವವರನ್ನು ಮನೆಯೊಳಗೆ ಬಿಡಬಾರದು. ಅದು ಶಾಕ್ ಹೊಡೆಯುವ ಮನೆಯಾಗುತ್ತದೆ, ಕಾನೂನಿನ ಕಣ್ಣಿಗೆ ಕಳ್ಳತನದಂತೆಯೂ ಕಾಣುತ್ತದೆ.

ಕಾನೂನು ಮತ್ತು ಕಚೇರಿ

ಮೀಟರಿನವರೆಗೆ ಕಂಪನಿಯ ಹೊಣೆ, ಮೀಟರಿನಾಚೆ ಗ್ರಾಹಕರ ಹೊಣೆ ಎಂಬ ವಿಭಜನೆ ಒಂಟಿ ಮನೆಗೆ ಸರಿಹೋಗುತ್ತದೆ. ಹಂಚಿಕೊಂಡ ಮನೆಯಲ್ಲಿ ಇದು ಕೈಕೊಡುತ್ತದೆ, ಏಕೆಂದರೆ ನನ್ನ ಬಿಲ್ಲಿನ ದೋಷ ಪಕ್ಕದವರ ಗೋಡೆಯಲ್ಲಿರಬಹುದು. ಅವರ ಮನೆಯ ವೈರಿಂಗ್ ಬಿಚ್ಚಿಸುವ ಅಧಿಕಾರ ನನಗಿಲ್ಲ, ಅದನ್ನು ನೋಡುವುದು ತಮ್ಮ ಕೆಲಸವೆಂದು ಕಚೇರಿ ಭಾವಿಸುವುದಿಲ್ಲ.

ದೂರಿನ ಮಾತು ಹೇಗಿರಬೇಕು ಎಂಬುದೂ ಇದರಿಂದಲೇ ನಿರ್ಧಾರವಾಗುತ್ತದೆ. ವಿದ್ಯುತ್ ಗ್ರಾಹಕರ ಹಕ್ಕುಗಳ 2020ರ ಕೇಂದ್ರ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯಂತೆ, ರೀಡಿಂಗ್ ಬಗ್ಗೆ ದೂರು ಕೊಟ್ಟರೆ ಐದು ದಿನಗಳೊಳಗೆ ಹೆಚ್ಚುವರಿ ಮೀಟರ್ ಅಳವಡಿಸಿ ಕನಿಷ್ಠ ಮೂರು ತಿಂಗಳು ಬಳಕೆಯನ್ನು ತಾಳೆ ನೋಡಬೇಕು. ಒಳ್ಳೆಯ ನಿಯಮ. ಆದರೆ ನಮ್ಮ ಸಮಸ್ಯೆಗೆ ಇದರಿಂದ ಉತ್ತರ ಸಿಗದು. ಅದೇ ತಂತಿಗಳಿಗೆ ಜೋಡಿಸಿದ, ಅದೇ ಬಗೆಯ ಎರಡನೆಯ ಮೀಟರ್ ಕೂಡ ಪಕ್ಕದ ಮನೆಯ ನ್ಯೂಟ್ರಲ್ ವಿದ್ಯುತ್ತನ್ನು ಅಷ್ಟೇ ನಿಷ್ಠೆಯಿಂದ ಲೆಕ್ಕ ಹಾಕುತ್ತದೆ. ಪ್ರಯೋಗಾಲಯಕ್ಕೆ ಕಳಿಸಿದರೂ ಮೀಟರ್ ಸರಿಯಾಗಿದೆ ಎಂಬ ವರದಿಯೇ ಬರುತ್ತದೆ. ಆ ವರದಿ ಬಂದ ಮೇಲೆ ಗ್ರಾಹಕರ ವಾದ ಮುಗಿದಂತೆ. ಆದ್ದರಿಂದ "ಮೀಟರ್ ಕೆಟ್ಟಿದೆ" ಎಂದು ಬರೆಯದೆ, ಮಿನುಗು ಪರೀಕ್ಷೆಯ ಫಲಿತಾಂಶವನ್ನು ತಿಳಿಸಿ, ಎರಡೂ ಮನೆಗಳ ಆರ್‌.ಆರ್‌. ನಂಬರ್ ನಮೂದಿಸಿ, ನ್ಯೂಟ್ರಲ್ ಮಿಶ್ರಣದ ಬಗ್ಗೆ ಎರಡೂ ಮೀಟರುಗಳ ಜಂಟಿ ಸ್ಥಳಪರಿಶೀಲನೆ ಆಗಬೇಕೆಂದು ಉಪವಿಭಾಗದ ಕಚೇರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಎರಡೂ ಮನೆಯವರು ಸಹಿ ಹಾಕಿದರೆ ಕೆಲಸ ಅರ್ಧ ಮುಗಿದಂತೆ.

ವಿವಾದ ಇತ್ಯರ್ಥವಾಗುವವರೆಗೆ ಲೈನ್ ಕತ್ತರಿಸಿಬಿಟ್ಟರೆ ಎಂಬ ಭಯ ಎಲ್ಲರಿಗೂ ಇರುತ್ತದೆ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಇಲ್ಲಿ ನೆರವಿಗೆ ಬರುತ್ತದೆ. ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ಪೂರ್ತಿ ಮೊತ್ತ, ಅಥವಾ ಹಿಂದಿನ ಆರು ತಿಂಗಳ ಸರಾಸರಿ ಮೊತ್ತ, ಇವೆರಡರಲ್ಲಿ ಕಡಿಮೆ ಇರುವುದನ್ನು ಪ್ರತಿಭಟನಾಪೂರ್ವಕವಾಗಿ ಕಟ್ಟಿದರೆ ವಿವಾದ ತೀರುವವರೆಗೆ ವಿದ್ಯುತ್ ಕಡಿಯುವಂತಿಲ್ಲ. ಕಟ್ಟುವಾಗ ಈ ಮಾತನ್ನು ಪತ್ರದಲ್ಲಿ ಬರೆದಿರಲೇಬೇಕು. ಉಪವಿಭಾಗದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಾಯ್ದೆಯ 42ನೇ ಕಲಂ ಅಡಿ ಇರುವ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಂದ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಅದೇ ಕಾಯ್ದೆಯಲ್ಲಿ ಎಚ್ಚರ ವಹಿಸಬೇಕಾದ ಭಾಗವೂ ಇದೆ. ಒಂದು ಮನೆಗೆ ಮಂಜೂರಾದ ವಿದ್ಯುತ್ತನ್ನು ಬೇರೆ ಆವರಣಕ್ಕೆ ಎಳೆಯುವುದು 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ, ಅದಕ್ಕೆ ದುಪ್ಪಟ್ಟು ದರ ಬೀಳುತ್ತದೆ. ಬಳಕೆ ಎಂದಿನಿಂದ ನಡೆದಿದೆ ಎಂದು ಗೊತ್ತಾಗದಿದ್ದರೆ ಪರಿಶೀಲನೆಗೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಬಹುದು. ತಮ್ಮನ ಮನೆಗೆ ಇನ್ನೂ ಮೀಟರ್ ಬಂದಿಲ್ಲವೆಂದು ಅಣ್ಣನ ಮನೆಯಿಂದ ತಂತಿ ಎಳೆದಿರುವುದು ಕೂಡ ಈ ವ್ಯಾಖ್ಯೆಯೊಳಗೆ ಬರಬಹುದು. ಕುಟುಂಬದ ಸಹಾಯವನ್ನೂ ಉದ್ದೇಶಪೂರ್ವಕ ದುರ್ಬಳಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು. ಆದರೆ ಕಾನೂನಿನ ಅಕ್ಷರ ಹಾಗಿರುವಾಗ ಪ್ರತ್ಯೇಕ ಸಂಪರ್ಕವೇ ಸುರಕ್ಷಿತ ದಾರಿ.

ಪ್ರತ್ಯೇಕ ಸಂಪರ್ಕ ಕೇಳಿದಾಗ ಬರುವ ಮೊದಲ ತಡೆ ದಾಖಲೆ. ಖಾತೆ ಇನ್ನೂ ತಂದೆಯ ಹೆಸರಿನಲ್ಲಿದೆ, ಅಣ್ಣ ಒಪ್ಪಿಗೆ ಪತ್ರ ಕೊಡುತ್ತಿಲ್ಲ. ಆದರೆ 43ನೇ ಕಲಂ ಮಾಲೀಕ ಅಥವಾ ವಾಸವಿರುವವರು ಕೇಳಿದರೆ ಸಂಪರ್ಕ ಕೊಡಬೇಕು ಎನ್ನುತ್ತದೆ. ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ದಿಲೀಪ್ ಮತ್ತು ಸತೀಶ್ ಪ್ರಕರಣದಲ್ಲಿ, ಮನೆಮಾಲೀಕ ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರರು ಅಲ್ಲಿ ವಾಸವಿದ್ದಾರೆಯೇ ಎಂಬುದನ್ನಷ್ಟೇ ನೋಡಬೇಕು ಎಂದು ಸ್ಪಷ್ಟಪಡಿಸಿತು. ಒಂದೇ ಸೂರಿನಡಿ ಇರುವ ಅಣ್ಣತಮ್ಮಂದಿರಿಗೂ ಇದೇ ತತ್ವ ಅನ್ವಯಿಸಬೇಕು. ಇನ್ನೊಂದು ತಡೆ ಹೊಸದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಕ್ರಮ ಕಟ್ಟಡಗಳ ಕುರಿತ ತೀರ್ಪಿನಲ್ಲಿ ನಿಯಮದಂತೆ ಕಟ್ಟಲಾಗಿದೆ ಎಂಬ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ ರಾಜ್ಯದಲ್ಲಿ ಹೊಸ ಸಂಪರ್ಕಗಳು ಬಿಗಿಯಾದವು. ಬಳಿಕ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ತಂದಿತು. ಹೊಸ ಮೀಟರ್ ಪಡೆಯುವ ದಾರಿ ಕಷ್ಟವಾದಷ್ಟೂ ಹಳೆಯದನ್ನೇ ಹಂಚಿಕೊಳ್ಳುವ ಮನೆಗಳು ಹೆಚ್ಚುತ್ತವೆ ಎಂಬುದನ್ನು ನಿಯಮ ರೂಪಿಸುವವರು ಗಮನಿಸಬೇಕು.

ಮೀಟರ್ ಬದಲಾವಣೆಯ ಕೆಲಸ ಇನ್ನು ಮುಂದೆ ನಿಲ್ಲುವಂಥದ್ದಲ್ಲ. ಕೇಂದ್ರದ ನಿಯಮಗಳು ಸ್ಮಾರ್ಟ್ ಮೀಟರಿನತ್ತ ತಳ್ಳುತ್ತಿವೆ, ಬೆಸ್ಕಾಂ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿತು. ಸ್ಮಾರ್ಟ್ ಮೀಟರ್ ಫೇಸ್ ನ್ಯೂಟ್ರಲ್ ವ್ಯತ್ಯಾಸವನ್ನು ದಿನಾಂಕ, ಸಮಯದೊಂದಿಗೆ ದಾಖಲಿಸಿ ಕಚೇರಿಗೆ ಕಳಿಸಬಲ್ಲದು. ಆ ದಾಖಲೆಯನ್ನು ಎರಡು ಬಗೆಯಲ್ಲಿ ಓದಬಹುದು. ಕಳ್ಳತನದ ಅನುಮಾನವೆಂದು ಓದಿದರೆ ಹಿಸ್ಸೆಯಾದ ಪ್ರತಿ ಮನೆಯೂ ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತದೆ. ಆದರೆ ಒಂದೇ ಬೋರ್ಡಿನ ಎರಡು ಮೀಟರುಗಳು ಒಂದೇ ಗಳಿಗೆಯಲ್ಲಿ ಒಂದಕ್ಕೊಂದು ಎದುರಾದ ವ್ಯತ್ಯಾಸ ತೋರಿಸಿದರೆ, ಒಂದರ ಫೇಸ್ ಹೆಚ್ಚಾದಾಗಲೇ ಇನ್ನೊಂದರ ನ್ಯೂಟ್ರಲ್ ಹೆಚ್ಚಾದರೆ, ಅದು ಕೂಡಿದ ನ್ಯೂಟ್ರಲ್‌ನ ಗುರುತು. ಎರಡು ಆರ್‌.ಆರ್‌. ನಂಬರುಗಳ ದಾಖಲೆಯನ್ನು ಅಕ್ಕಪಕ್ಕ ಇಟ್ಟು ನೋಡುವ ರೂಢಿ ಬೇಕು ಅಷ್ಟೆ.

ಅದಕ್ಕಿಂತ ಮೊದಲು, ಮೀಟರ್ ಬದಲಾಯಿಸುವ ದಿನವೇ ಕ್ಲ್ಯಾಂಪ್ ಪರೀಕ್ಷೆ ಆಗಬೇಕು. ಬದಲಾಯಿಸುವ ಸಿಬ್ಬಂದಿ ಹೊಸ ಮೀಟರಿನ ಹೊರತಂತಿಗಳೆರಡನ್ನೂ ಕ್ಲ್ಯಾಂಪಿನಲ್ಲಿ ಹಿಡಿದು, ಬಂದ ಅಂಕಿಯನ್ನು ಬದಲಾವಣೆ ವರದಿಯಲ್ಲಿ ಬರೆದು, ವ್ಯತ್ಯಾಸವಿದ್ದರೆ ಎರಡೂ ಮನೆಯವರಿಗೆ ಲಿಖಿತವಾಗಿ ತಿಳಿಸಬೇಕು. ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ. ದುರಸ್ತಿಗೆ ಒಂದು ಬಿಲ್ಲಿನ ಅವಧಿಯಷ್ಟಾದರೂ ಗಡುವು ಕೊಟ್ಟು, ಅಲ್ಲಿಯವರೆಗೆ ಹಳೆಯ ಸರಾಸರಿಯಲ್ಲಿ ಬಿಲ್ ಮಾಡುವುದು ನ್ಯಾಯ. ಗುತ್ತಿಗೆ ಏಜೆನ್ಸಿಗಳಿಗೆ ಬದಲಾಯಿಸಿದ ಮೀಟರಿನ ಲೆಕ್ಕದಲ್ಲಷ್ಟೇ ಹಣ ಕೊಟ್ಟರೆ ಈ ಕೆಲವು ನಿಮಿಷವನ್ನು ಯಾರೂ ವ್ಯಯಿಸುವುದಿಲ್ಲ. ಪರೀಕ್ಷೆಯ ಅಂಕಿ ಇಲ್ಲದ ವರದಿಗೆ ಹಣ ಪಾವತಿ ಇಲ್ಲ ಎಂಬ ಷರತ್ತು ಗುತ್ತಿಗೆಯಲ್ಲೇ ಇರಬೇಕು.

ಮನೆಯವರು ಆ ದಿನ ಮಾಡಬೇಕಾದದ್ದೂ ಇದೆ. ಕೆಳಗಿನ, ಮೇಲಿನ ಎರಡೂ ಮನೆಯವರು ಹಾಜರಿರಬೇಕು. ತೆಗೆಯುವ ಮೀಟರಿನ ಕೊನೆಯ ರೀಡಿಂಗ್, ಹಾಕುವ ಮೀಟರಿನ ಕ್ರಮಸಂಖ್ಯೆ ಮತ್ತು ಆರಂಭದ ರೀಡಿಂಗ್ ಮೂರನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಬೋರ್ಡಿನ ಮೇಲೆ ಎರಡು ಮೀಟರುಗಳು ಅಕ್ಕಪಕ್ಕ ಇರುವ ಕಡೆ, ಯಾವ ಆರ್‌.ಆರ್‌. ನಂಬರಿಗೆ ಯಾವ ಕ್ರಮಸಂಖ್ಯೆಯ ಮೀಟರ್ ಬಂತು ಎಂಬುದು ಅದಲುಬದಲಾದರೆ ತಮ್ಮನ ಬಿಲ್ಲನ್ನು ಅಣ್ಣ, ಅಣ್ಣನ ಬಿಲ್ಲನ್ನು ತಮ್ಮ ಕಟ್ಟುತ್ತ ವರ್ಷವೇ ಕಳೆಯಬಹುದು. ಸಿಬ್ಬಂದಿ ಹೊರಡುವ ಮುನ್ನ ಒಂದು ಮನೆಯ ಮೇನ್ ಸ್ವಿಚ್ ಇಳಿಸಿ ಯಾವ ಮೀಟರಿನ ಮಿನುಗು ನಿಂತಿತು ಎಂದು ನೋಡಿ, ಆಮೇಲೆ ಇನ್ನೊಂದನ್ನು ಇಳಿಸಿ ನೋಡಿ, ಎರಡೂ ಮನೆಯವರು ಅಲ್ಲಿಯೇ ಮೀಟರ್ ಪೆಟ್ಟಿಗೆಯ ಮೇಲೆ ಆರ್‌.ಆರ್‌. ನಂಬರುಗಳನ್ನು ಪೇಂಟಿನಲ್ಲಿ ಬರೆಸಿಕೊಳ್ಳಬೇಕು.